2 ವರ್ಷ 10 ತಿಂಗಳ ಹುಡುಗ: ಕಿವಿ ಟೆಸ್ಟ್, ಅಸೆಸ್‌ಮೆಂಟ್, ಓಟಿ – ಮೊದಲು ಯಾವುದು, ಮನ್ಯಾಗ ಏನು ಮಾಡಬೇಕು?

ಜಮಖಂಡಿ_ಅವ್ವ

ಎಲ್ಲಾರಿಗೂ ನಮಸ್ಕಾರ. ಮಗನಿಗೆ 2 ವರ್ಷ 10 ತಿಂಗಳು, ತೂಕ 12 ಕಿಲೋ. ಮಾತು ಎಂಟ್ಹತ್ತು ಶಬ್ದ, ಎರಡು ಕೂಡಿಸಿ ಇನ್ನೂ ಆಡಂಗಿಲ್ಲ. ಬೇಕಾದ್ದನ್ನ ಬೆರಳು ಮಾಡಿ ತೋರಿಸಂಗಿಲ್ಲ, ನಮ್ಮ ಕೈ ಹಿಡಿದು ಎಳಕೊಂಡು ಹೋಗ್ತಾನ. ತಲಿ ಮ್ಯಾಲೆ ನೀರು ಹಾಕಿದ್ರ ಓಣಿ ಕೇಳುವಂಗ ಅಳ್ತಾನ. ಊಟ ಅಂದ್ರ ಕಟಕ್ ರೊಟ್ಟಿ, ಬಿಸ್ಕೀಟು, ಚುರಮುರಿ ಅಷ್ಟ. ಮೆತ್ತಗಿದ್ದದ್ದು ಬಾಯಿಗೆ ಹೋಗಂಗಿಲ್ಲ. ನಡುನಡುವ ಮುಂಗಾಲ ಮ್ಯಾಲೆ ನಡೀತಾನ.

ಮಕ್ಕಳ ಡಾಕ್ಟರು ಮೂರು ಬರದು ಕೊಟ್ಟಾರ: ಕಿವಿ ಟೆಸ್ಟ್, ಬೆಳವಣಿಗೆಯ ಅಸೆಸ್‌ಮೆಂಟ್, ಆಕ್ಯುಪೇಶನಲ್ ಥೆರಪಿ (ಓಟಿ, ಉಣ್ಣೋದು, ಬಟ್ಟಿ ಹಾಕೋದು ಇಂಥ ದಿನದ ಕೆಲಸ ಕಲಿಸೋದು). ತಟ್ಟಿ ಬಿದ್ರ ತಿರುಗಿ ನೋಡ್ತಾನ, ಹಂಗಿದ್ದಾಗ ಕಿವಿ ಟೆಸ್ಟ್ ಬೇಕಾ? ಅಸೆಸ್‌ಮೆಂಟ್ ದಿನ ಏನೇನು ಒಯ್ಯಬೇಕು? ಥೆರಪಿಗೆ ವಿಜಯಪುರಕ್ಕ ವಾರಕ್ಕ ಒಂದೇ ದಿನ ಹೋಗಲಿಕ್ಕೆ ಆಗೋದು, ಅಷ್ಟು ಸಾಕಾ? ‘ಇವರಪ್ಪನೂ ತಡಾ ಮಾತಾಡಿದ್ದ, ಸುಮ್ಮನಿರ್ರಿ’ ಅಂತ ಮನ್ಯಾಗ ಹಿರಿಯರು ಹೇಳ್ತಾರ. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಕಿವಿಮಾತು_ಬೆಳಗಾವಿ

ಮೊದಲು ಕಿವಿ. ಅದರ ರಿಪೋರ್ಟ್ ಇಲ್ಲದೆ ಅಸೆಸ್‌ಮೆಂಟ್‌ಗೆ ಹೋದರೆ ಅಲ್ಲಿಯೂ ಮೊದಲು ಕೇಳುವುದು ಅದನ್ನೇ, ಒಂದು ಬಸ್ ಪ್ರಯಾಣ ದಂಡ.

ತಟ್ಟೆ ಬಿದ್ದಾಗ ತಿರುಗುವುದು ಕಿವಿ ಪೂರ್ತಿ ಸರಿ ಇದೆ ಎಂಬುದಕ್ಕೆ ಸಾಕ್ಷಿ ಅಲ್ಲ. ಅದು ಬಹಳ ಜೋರು ಸಪ್ಪಳ. ಮಾತಿನೊಳಗಿನ ‘ಸ’, ‘ಶ’ ಧ್ವನಿಗಳು ಮೆಲ್ಲಗೆ ಇರುತ್ತವೆ, ಎತ್ತರದ ಸ್ವರದಲ್ಲಿ ಇರುತ್ತವೆ. ಆ ಭಾಗವಷ್ಟೇ ಕೇಳದ ಮಗು ಬಾಗಿಲು ಬಡಿದರೆ, ಬಸ್ ಹಾರ್ನ್ ಹೊಡೆದರೆ ತಿರುಗುತ್ತದೆ. ಮಾತು ಮಾತ್ರ ಅದಕ್ಕೆ ಅರೆಬರೆ ಕೇಳುತ್ತದೆ. ನೆಗಡಿಯಿಂದ ಕಿವಿಪರದೆಯ ಹಿಂದೆ ನೀರು ನಿಂತಿದ್ದರೂ ಹೀಗೇ. ಅದನ್ನು ಟಿಂಪನೋಮೆಟ್ರಿ ತೋರಿಸುತ್ತದೆ, ಒಂದೆರಡು ನಿಮಿಷದ ಕೆಲಸ.

ಸಾಮಾನ್ಯವಾಗಿ ಓಎಇ ಮತ್ತು ಬೆರಾ ಎಂಬ ಎರಡು ಟೆಸ್ಟ್ ಮಾಡುತ್ತಾರೆ. ಓಎಇ ಒಳಗಿವಿಯ ಪ್ರತಿಕ್ರಿಯೆ ನೋಡುತ್ತದೆ, ಬೆರಾ ಕಿವಿಯಿಂದ ಮಿದುಳಿಗೆ ಹೋಗುವ ನರದ ಸಂಕೇತವನ್ನು. ಓಎಇ ಪಾಸಾದ ಮಾತ್ರಕ್ಕೆ ಬೆರಾ ಬೇಡ ಅನ್ನಲಾಗದು, ಯಾಕೆಂದರೆ ನರದ ದಾರಿಯಲ್ಲಿ ತೊಂದರೆ ಇದ್ದರೆ ಓಎಇಯಲ್ಲಿ ಕಾಣದೆ ಹೋಗಬಹುದು.

ಬೆರಾ ಕೆಡುವುದು ಮೂರು ಕಾರಣಕ್ಕೆ. ಒಂದು, ತಲೆಗೆ ಎಣ್ಣೆ. ಹಣೆಗೆ ಮತ್ತು ಕಿವಿಯ ಹಿಂದಿನ ಎಲುಬಿನ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಎಣ್ಣೆ ಇದ್ದರೆ ಅದು ಜಾರುತ್ತದೆ, ಯಂತ್ರ ತೋರಿಸುವ ವಿದ್ಯುತ್ ತಡೆ ಏರುತ್ತದೆ, ಉಜ್ಜಿ ಉಜ್ಜಿ ಒರೆಸುವಾಗ ಮಲಗಿದ ಮಗು ಏಳುತ್ತದೆ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಬಿಡಿ. ತಲೆಸ್ನಾನಕ್ಕೆ ಅಳುವ ಮಗುವಾದರೆ ಹಣೆ ಮತ್ತು ಕಿವಿಯ ಹಿಂದೆ ಮಾತ್ರ ಸೋಪಿನ ಬಟ್ಟೆಯಿಂದ ಒರೆಸಿದರೂ ನಡೆಯುತ್ತದೆ. ಕಾಡಿಗೆ, ಪೌಡರ್ ಬೇಡ. ಎರಡನೆಯದು ನಿದ್ದೆ. ಮಗು ಅಲುಗಾಡದೆ ಮಲಗಿರಬೇಕು. ಬೆಳಗ್ಗೆ 5ಕ್ಕೆ ಎಬ್ಬಿಸಿದರೂ ಬಸ್ಸಿನ ತೂಗಾಟಕ್ಕೆ ಒಂದು ತಾಸು ನಿದ್ದೆ ಹೊಡೆದು ಆಸ್ಪತ್ರೆಯಲ್ಲಿ ಕಣ್ಣರಳಿಸಿ ಕೂರುತ್ತದೆ. ಬಸ್ಸಿನಲ್ಲಿ ಎಚ್ಚರ ಇಡಲು ಒಬ್ಬರು ಜೊತೆಗಿರಲಿ. ಮೂರನೆಯದು ಗುಗ್ಗೆ ಮತ್ತು ನೆಗಡಿ. ಮೊದಲೇ ಕಿವಿ ಡಾಕ್ಟರಿಗೆ ತೋರಿಸಿ, ನೆಗಡಿ ಇದ್ದರೆ ದಿನ ಮುಂದೂಡಿ.

ನಿದ್ದೆಯ ಔಷಧ ಬೇಕಾದರೆ ತೂಕ ನೋಡಿ ಆಸ್ಪತ್ರೆಯಲ್ಲೇ ಕೊಟ್ಟು ಮೇಲೆ ನಿಗಾ ಇಡುತ್ತಾರೆ. ಎಷ್ಟು ತಾಸು ಹೊಟ್ಟೆ ಖಾಲಿ ಇರಬೇಕೆಂದು ಫೋನಿನಲ್ಲೇ ಕೇಳಿಕೊಳ್ಳಿ. ನೆಗಡಿ ಸಿರಪ್ ಕೊಟ್ಟು ಮಲಗಿಸಿ ಕರೆತರುವ ಕೆಲಸ ಬೇಡವೇ ಬೇಡ.

ನಮ್ಮ ಗಡಿ ಭಾಗದವರಿಗೆ ಇನ್ನೊಂದು ಮಾತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಅಥವಾ ಉರ್ದು ಇದ್ದರೆ ಎಲ್ಲ ಭಾಷೆಯ ಶಬ್ದಗಳನ್ನೂ ಕೂಡಿಸಿ ಲೆಕ್ಕ ಹಾಕಬೇಕು. ‘ನೀರು’ 1, ‘ಪಾಣಿ’ 1. ನೀರಿಗೆ ಯಾವಾಗಲೂ ‘ಬೂ’ ಅಂದರೆ ಅದೂ 1. ಎರಡು ಭಾಷೆ ಕೇಳುವುದರಿಂದ ಮಾತು ಬರುವುದು ನಿಲ್ಲುವುದಿಲ್ಲ. ಅಜ್ಜಿಯ ಮರಾಠಿ ಬಂದ್ ಮಾಡಿಸಿದರೆ ಮಗುವಿಗೆ ಹೆಚ್ಚು ಮಾತಾಡಿಸುವ ಒಬ್ಬ ಮನುಷ್ಯ ಕಡಿಮೆಯಾದ ಹಾಗೆ, ಅಷ್ಟೇ.

ತಪಾಸಣೆ_ಕೋಣೆ

ಹಿರಿಯರ ಮಾತಿನಿಂದ ಶುರು ಮಾಡುತ್ತೇನೆ. ತಂದೆ ತಡವಾಗಿ ಮಾತಾಡಿದ್ದು ನಿಜವಿದ್ದರೆ ಅದು ಡಾಕ್ಟರಿಗೆ ಹೇಳಬೇಕಾದ ಮಾಹಿತಿ. ಕಾಯಲು ಕಾರಣ ಅಲ್ಲ. 18 ತಿಂಗಳಿಗೆ ಬೆರಳು ತೋರಿಸದಿದ್ದರೆ, 24 ತಿಂಗಳಿಗೆ ಎರಡು ಶಬ್ದ ಕೂಡಿಸದಿದ್ದರೆ ತೋರಿಸಬೇಕು. ನಿಮ್ಮ ಮಗನಿಗೆ ಈಗ 34 ತಿಂಗಳು. ಬಂದ ಶಬ್ದ ಬಿಟ್ಟುಹೋದರಂತೂ ಯಾವ ವಯಸ್ಸಾದರೂ ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕು.

ಅಸೆಸ್‌ಮೆಂಟ್ ಎಲ್ಲಿ ಮಾಡಿಸಬೇಕು ಅಂದರೆ: 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅವರು ಚೀಟಿ ಬರೆದರೆ ಜಿಲ್ಲಾ ಮಟ್ಟದ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಹೋಗಬಹುದು. ತಂಡ ಬರುವ ದಿನ ಕಾಯಬೇಡಿ, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯಿಂದ ತಾಲೂಕು ತಂಡದ ನಂಬರ್ ಪಡೆದು ನೀವೇ ಮಾತಾಡಿ. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಎಲ್ಲವೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ಮಕ್ಕಳ ವಿಭಾಗ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಒಂದೇ: ಚಿಕ್ಕ ಮಕ್ಕಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾವ ವಾರ, ಎಷ್ಟು ಗಂಟೆಗೆ ಕೂರುತ್ತಾರೆ?

ಆ ದಿನ ಏನು ಮಾಡುತ್ತಾರೆ ಅಂದರೆ, ಅರ್ಧ ಹೊತ್ತು ನಿಮ್ಮ ಜೊತೆ ಮಾತು, ಅರ್ಧ ಹೊತ್ತು ಮಗುವಿನ ಜೊತೆ ಆಟ. ಡಿಎಸ್‌ಟಿ, ವಿಎಸ್‌ಎಂಎಸ್ ಎಂಬ ಹೆಸರು ಕೇಳುತ್ತೀರಿ. ಮೊದಲನೆಯದು ಬೆಳವಣಿಗೆಯದು, ಎರಡನೆಯದು ತಾನೇ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಜನರ ಜೊತೆ ಬೆರೆಯುವುದು ಇಂಥವುಗಳದು. ಇಂಟರ್‌ನೆಟ್ಟಿನಲ್ಲಿ ಸಿಗುವ, ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ) ಲಕ್ಷಣ ಗುರುತಿಸುವ ಎಂ-ಚಾಟ್ ಪ್ರಶ್ನಾವಳಿ 16ರಿಂದ 30 ತಿಂಗಳಿನದು. ನಿಮ್ಮ ಮಗನ ವಯಸ್ಸು ಅದನ್ನು ದಾಟಿದೆ, ತುಂಬಿ ಬರುವ ಅಂಕಿ ನೋಡಿ ಸಮಾಧಾನವನ್ನೂ ಪಡಬೇಡಿ, ಗಾಬರಿಯನ್ನೂ ಆಗಬೇಡಿ. ಆಟಿಸಂ ಪ್ರಮಾಣ ಅಳೆಯುವ ಐಸಾ ಎಂಬ 40 ಅಂಶಗಳ ಮಾಪಕವನ್ನು 3 ವರ್ಷ ತುಂಬಿದ ಮೇಲೆ ಬಳಸುತ್ತಾರೆ. ಅದು ಬಾಕಿ ಇದೆ ಅಂತ ಥೆರಪಿ ನಿಲ್ಲಿಸಿ ಕಾಯುವುದು ಬೇಡ. ಥೆರಪಿ ಶುರು ಮಾಡಲು ರೋಗದ ಹೆಸರು ಬೇಕಿಲ್ಲ, ಮಗುವಿಗೆ ಈಗ ಏನು ಬರುತ್ತದೆ ಏನು ಬರುವುದಿಲ್ಲ ಎಂಬ ಪಟ್ಟಿ ಸಾಕು.

ಡಿಕ್ಯೂ ಎಂದು ಒಂದು ಅಂಕಿ ಕೊಡುತ್ತಾರೆ. ಬೆಳವಣಿಗೆಯ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದ್ದು. 34 ತಿಂಗಳ ಮಗು 22 ತಿಂಗಳಿನವರ ಮಟ್ಟದಲ್ಲಿದ್ದರೆ 65. ಇದನ್ನು ಬುದ್ಧಿಮಟ್ಟ ಎಂದು ಓದಬೇಡಿ. ಮಾತು ಹಿಂದಿದ್ದರೆ ಇಡೀ ಅಂಕಿ ಕೆಳಗೆ ಬರುತ್ತದೆ. ನಿದ್ದೆಗಣ್ಣು, ಹಸಿವೆ, ಹೊಸ ಕೋಣೆ ಎಲ್ಲವೂ ಅಂಕಿ ಇಳಿಸುತ್ತವೆ. ಅದಕ್ಕೇ ಮಗು ಚುರುಕಾಗಿರುವ ಹೊತ್ತಿಗೆ ಸಮಯ ಕೇಳಿ, ಒಂದು ತಾಸು ಮೊದಲೇ ತಲುಪಿ ಅಂಗಳದಲ್ಲಿ ಓಡಾಡಲು ಬಿಡಿ.

ಒಯ್ಯಬೇಕಾದ್ದು: ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಕಾಗದ (ಎಷ್ಟು ವಾರಕ್ಕೆ ಹುಟ್ಟಿತು, ತೂಕ, ಕೂಡಲೇ ಅತ್ತಿತೇ, ಎನ್‌ಐಸಿಯುನಲ್ಲಿ ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇತ್ತೇ, ಕಾಮಾಲೆ), ಲಸಿಕೆ ಕಾರ್ಡ್, ಕಿವಿ ರಿಪೋರ್ಟ್, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಮಾಡಿಸಿದ್ದರೆ ಅವು. ಮನೆಯಲ್ಲಿ ಆಡುವ ಎರಡು ಆಟಿಕೆ, ತಿನ್ನುವ ತಿಂಡಿ. ಮತ್ತು ಎಲ್ಲಕ್ಕಿಂತ ಉಪಯೋಗದ್ದು ಮೊಬೈಲ್ ವಿಡಿಯೋ. ಒಂದೊಂದು ನಿಮಿಷದ ಐದಾರು ಸಾಕು: ಒಬ್ಬನೇ ಆಡುವಾಗ, ಊಟಕ್ಕೆ ಕೂತಾಗ, ಹಿಂದಿನಿಂದ ಹೆಸರು ಕರೆದಾಗ, ಬೇರೆ ಮಕ್ಕಳ ನಡುವೆ, ಹಟ ಮಾಡುವಾಗ, ಮುಂಗಾಲಲ್ಲಿ ನಡೆಯುವಾಗ. ಮುಖ ಮತ್ತು ಕೈ ಎರಡೂ ಕಾಣಲಿ, ‘ಹೇಳು, ಹೇಳು’ ಎಂದು ಹಿಂದಿನಿಂದ ಒತ್ತಾಯಿಸುವ ದನಿ ಬೇಡ.

ಕೋಣೆಯೊಳಗೆ ಉತ್ತರ ಹೇಳಿಕೊಡಬೇಡಿ. ಮನೆಯಲ್ಲಿ ಮಾಡುತ್ತಾನೆ, ಇಲ್ಲಿ ಮಾಡುತ್ತಿಲ್ಲ ಅನ್ನಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ, ಬರೆದುಕೊಳ್ಳುತ್ತಾರೆ. ಹೊರಡುವ ಮುನ್ನ ರಿಪೋರ್ಟಿನಲ್ಲಿ ತಿಂಗಳ ಲೆಕ್ಕದ ವಯಸ್ಸು, ಬಳಸಿದ ಟೆಸ್ಟಿನ ಹೆಸರು, ಯಾವ ಭಾಷೆಯಲ್ಲಿ ಮಾಡಿದರು, ಅಂಕಿ, ಮುಂದಿನ ತಪಾಸಣೆಯ ತಿಂಗಳು ಇವೆಯೇ ನೋಡಿಕೊಳ್ಳಿ.

ಓಟಿ_ವಿಜಯಪುರ

ವಾರಕ್ಕ ಒಂದು ಸಾಕಾ ಅಂದ್ರ, ಆ ಒಂದು ದಿನ ನೀವು ಒಳಗ ಕೂತು ನೋಡಿ ಕಲಿತು ಬಂದ್ರ ಸಾಕು. ನಿಮ್ಮನ್ನ ಹೊರಗ ಬೆಂಚಿನ ಮ್ಯಾಲೆ ಕೂಡಿಸಿ ಕೂಸಿನ್ನ ಮಾತ್ರ ಒಳಗ ಒಯ್ಯೋ ಕಡೆ ವಾರಕ್ಕ ಐದು ದಿನ ಹೋದ್ರೂ ಹೆಚ್ಚೇನೂ ಕೈಗೆ ಹತ್ತಂಗಿಲ್ಲ. 45 ನಿಮಿಷ ಥೆರಪಿಸ್ಟ್ ಹತ್ರ, ಉಳಿದ ಇಡೀ ವಾರ ಮನ್ಯಾಗ. ಕೆಲಸ ಆಗೋದು ಮನ್ಯಾಗರೀ.

ಸೇರಿಸೋ ಮುಂಚೆ ಡಿಗ್ರಿ ಕೇಳ್ರಿ, ಸಂಕೋಚ ಬ್ಯಾಡ. ಓಟಿ ಅಂದ್ರ ಬಿಓಟಿ ಅಥವಾ ಎಂಓಟಿ ಓದಿದವರು. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರ್ತದ. ಓಟಿ ಆ ಪರಿಷತ್ತಿನ ಕೆಳಗ ಬರಂಗಿಲ್ಲ, ಹಂಗಾಗಿ ಓಟಿಯವರ ಹತ್ರ ಆ ನಂಬರ್ ಇಲ್ಲಂದ್ರ ತಪ್ಪು ತಿಳ್ಕೋಬ್ಯಾಡ್ರಿ, ಡಿಗ್ರಿ ನೋಡ್ರಿ. ಆಮ್ಯಾಲೆ ಮೂರು ತಿಂಗಳ ಗುರಿ ಬರೆಸಿಕೊಳ್ರಿ. ‘ಸೆನ್ಸರಿ ಸುಧಾರಿಸೋದು’ ಗುರಿ ಅಲ್ಲ. ‘ತಲಿ ಮ್ಯಾಲೆ ಮೂರು ತಂಬಿಗಿ ನೀರು ಅಳದ ಹಾಕಿಸಿಕೊಳ್ಳೋದು’, ಇದು ಗುರಿ. ಒಂದು ಸಲಕ್ಕ ಎರಡೇ ಗುರಿ ಹಿಡೀರಿ. ಎಂಟು ಹಿಡಿದ ಮನಿಯವರು ಹದಿನೈದು ದಿನಕ್ಕ ದಣಿದು ಎಂಟನ್ನೂ ಬಿಡ್ತಾರ.

ತಲಿಸ್ನಾನದ್ದೇ ನೋಡೋಣ. ಕೂಸು ಅಳೋದು ಬರೇ ನೀರಿಗಲ್ಲ. ತಲಿ ಹಿಂದಕ್ಕ ವಾಲಿದಾಗ ಬಿದ್ದಂಗ ಆಗ್ತದ, ಕಣ್ಣಾಗ ನೀರು, ಬಚ್ಚಲದಾಗ ಸಪ್ಪಳ ತಿರುಗಿ ಹೊಡೀತದ, ಯಾವಾಗ ಮುಗೀತದ ಅನ್ನೋದು ಗೊತ್ತಾಗಂಗಿಲ್ಲ. ಸಣ್ಣ ಮಣಿ ಮ್ಯಾಲೆ ಕೂಡಿಸ್ರಿ, ಕಾಲು ನೆಲಕ್ಕ ಹತ್ತಬೇಕು. ಮಡಚಿದ ಟಾವೆಲ್ ಹಣಿಗೆ ಅವನ ಕೈಲೇ ಹಿಡಿಸ್ರಿ, ಗದ್ದ ಎದಿ ಕಡೆ ಬಗ್ಗಲಿ. ನೀರು ಹಾಕೋ ಮುಂಚೆ ಅಂಗೈಯಿಂದ ಹೆಗಲು, ತಲಿ ಗಟ್ಟಿಯಾಗಿ ಹತ್ತು ಸಲ ಒತ್ರಿ; ಬೆರಳ ತುದಿಯಿಂದ ಹಗುರ ಸವರಿದ್ರ ಇಂಥ ಕೂಸಿಗೆ ಇನ್ನೂ ತ್ರಾಸ. ಮೊದಲ ಮೂರ್ನಾಲ್ಕು ದಿನ ಹೆಗಲಿಗೆ, ಆಮ್ಯಾಲೆ ಕುತ್ತಿಗೆ ಹಿಂದ, ಆಮ್ಯಾಲೆ ತಲಿ ಹಿಂದ, ಕಡೀಕ ನೆತ್ತಿ. ಸಣ್ಣ ತಂಬಿಗಿ. ‘ಒಂದು, ಎರಡು, ಮೂರು, ಮುಗೀತು’ ಅಂತ ಎಣಿಸಿ ಮೂರಕ್ಕ ನಿಲ್ಲಿಸ್ರಿ. ಎಲ್ಲಾರೂ ತಪ್ಪೋದು ಇಲ್ಲೇ. ಶಾಂಪೂ ಉಳೀತು ಅಂತ ನಾಲ್ಕನೇದು ಹಾಕಿಬಿಡ್ತಾರ, ಮರುದಿನದಿಂದ ಕೂಸು ಎಣಿಕೆ ನಂಬಂಗಿಲ್ಲ. ಅದಕ್ಕ ಮೊದಲ ಎರಡು ವಾರ ಶಾಂಪೂನೇ ಹಚ್ಚಬ್ಯಾಡ್ರಿ, ಬರೇ ನೀರು.

ಎರಡನೇ ಗುರಿ ಚಡ್ಡಿ ಹಾಕಿಕೊಳ್ಳೋದು ಇಟ್ಕೋರಿ. ಕಡೀ ಹೆಜ್ಜಿ ಮೊದಲು ಕಲಿಸ್ಬೇಕು. ಕಾಲು ತೂರಿಸೋದು, ಮೊಣಕಾಲಿಗೆ ಏರಿಸೋದು, ತೊಡಿಗೆ ತರೋದು ನೀವು ಮಾಡ್ರಿ, ತೊಡಿಯಿಂದ ಸೊಂಟಕ್ಕ ಎಳೆಯೋದು ಅಷ್ಟ ಅವನದು. ಐದು ದಿನದಾಗ ನಾಲ್ಕು ದಿನ ತಾನ ಎಳಕೊಂಡ್ರ, ಮೊಣಕಾಲಿಗೆ ಬಿಡ್ರಿ. ಹಿಂಗ ಹಿಂದಕ್ಕ ಹಿಂದಕ್ಕ ಹೋದ್ರ ಪ್ರತಿ ಸಲ ಕೆಲಸ ಮುಗಿಸಿದವ ಅವನ ಆಗ್ತಾನ. ಚಡ್ಡಿ ಒಂದು ಸೈಜ್ ದೊಡ್ಡದು, ಎಲಾಸ್ಟಿಕ್ ಸಡಿಲ ಇರಲಿ. ಹಿಂದಿನ ಭಾಗ ಕುಂಡಿಗೆ ಸಿಗಬೀಳ್ತದ, ಒಂದು ಕೈ ಮುಂದ ಒಂದು ಕೈ ಹಿಂದ, ಹೆಬ್ಬೆಟ್ಟು ಎಲಾಸ್ಟಿಕ್ ಒಳಗ ಇಡೋದನ್ನ ಅವನ ಕೈ ಹಿಡಿದು ತೋರಿಸ್ರಿ.

ಸ್ನಾನ ಅಥವಾ ಊಟದ ಮುಂಚೆ ಹತ್ತು ನಿಮಿಷ ಭಾರದ ಕೆಲಸ ಕೊಡ್ರಿ: ಅರ್ಧ ಲೀಟರಿಂದ ಒಂದು ಲೀಟರ್ ನೀರಿನ ಬಾಟ್ಲಿ ಅಡಗಿಮನಿಯಿಂದ ಪಡಸಾಲಿಗೆ ಒಯ್ಯೋದು, ಜೋಳದ ಡಬ್ಬಿ ದೂಡೋದು, ಹಿಟ್ಟು ನಾದೋದು. 12 ಕಿಲೋ ಕೂಸಿಗೆ ಒಂದು ಕಿಲೋದ ಮ್ಯಾಲೆ ಹೊರಿಸಬ್ಯಾಡ್ರಿ. ಹಿಟ್ಟು ಮೆತ್ತಗ ಅಂತ ಮುಟ್ಟಲಿಲ್ಲಂದ್ರ ಮೊದಲು ಒಣ ಜೋಳದಾಗ ಚಮಚ ಆಡಿಸಲಿ, ಆಮ್ಯಾಲೆ ಕೈ. ಕಾಳು ಮೂಗು, ಕಿವಿಗೆ ಹೋಗ್ತಾವ, ಬಿಟ್ಟು ಏಳಬ್ಯಾಡ್ರಿ.

ಜೋಕಾಲಿ ಛಲೋ, ಆದ್ರ ಅಳತಿ ಇರಲಿ. ಗಟ್ಟಿ ಸೀರಿ ಎರಡು ಮಡಿಕಿ ಮಾಡಿ ತೊಲಿಗೆ ಕಟ್ರಿ, ಫ್ಯಾನಿನ ಕೊಂಡಿಗೆ ಬ್ಯಾಡ. ನೆಲದಿಂದ ಒಂದು ಅಡಿ, ಕೆಳಗ ಗಾದಿ. ಹಿಂದ ಮುಂದ ನಿಧಾನ, ಶುರುವಿಗೆ ಎರಡು ಮೂರು ನಿಮಿಷ. ಗರಗರ ತಿರುಗಿಸೋದು ಬ್ಯಾಡ. ಅದರ ಪರಿಣಾಮ ಇಳಿದ ಮ್ಯಾಲೂ ಭಾಳ ಹೊತ್ತು ಉಳೀತದ. ಮುಖ ಬಿಳಚಿತು, ಬೆವತ, ಆಕಳಿಸಿದ ಅಂದ್ರ ಅಲ್ಲಿಗೇ ನಿಲ್ಲಿಸ್ರಿ. ಫಿಟ್ಸ್ ಬಂದಿದ್ರ ಡಾಕ್ಟರ್ ಕೇಳದ ಜೋಕಾಲಿ ಬ್ಯಾಡ. ಅರಬಿ ಕುತ್ತಿಗಿಗೆ ಸುತ್ತಿಕೊಳ್ತದ, ಒಂಟಿ ಬಿಡಲೇಬ್ಯಾಡ್ರಿ.

ಮುಂಗಾಲ ನಡಿಗಿಗೆ ಒಂದು ನೋಡ್ರಿ: ಕೂಸಿನ್ನ ಅಂಗಾತ ಮಲಗಿಸಿ, ಮೊಣಕಾಲು ನೆಟ್ಟಗ ಇಟ್ಟು, ಪಾದ ಅವನ ಮುಖದ ಕಡೆ ಬಗ್ಗಿಸ್ರಿ. ಸಲೀಸ ಬಂದ್ರ ಓಟಿಗೆ ಹೇಳಿದ್ರ ಸಾಕು. ಬಿಗಿ ಇದ್ರ, ಒಂದು ಕಾಲಷ್ಟ ಬಿಗಿ ಇದ್ರ, ಡಾಕ್ಟರಿಗೆ ತೋರಿಸ್ರಿ. ಸ್ನಾಯು ಗಿಡ್ಡ ಆದ ಮ್ಯಾಲೆ ಬರೇ ‘ಹಿಮ್ಮಡಿ ಇಡು’ ಅಂದ್ರ ಇಡಲಿಕ್ಕೆ ಬರಂಗಿಲ್ಲ.

ಭಾರದ ಜಾಕೀಟು ಅಂತ ಸಾವಿರಗಟ್ಟಲೆ ಖರ್ಚು ಮಾಡಬ್ಯಾಡ್ರಿ, ಅದರಿಂದ ಉಪಯೋಗ ಅನ್ನಲಿಕ್ಕೆ ಪುರಾವೆ ಭಾಳ ಕಡಿಮಿ. ಆ ರೊಕ್ಕ ಬಸ್ ಚಾರ್ಜಿಗೆ ಬರ್ತದ.

ಕಾಗದಪತ್ರ_ಬಾಗಲಕೋಟೆ

ಥೆರಪಿ ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ, ಚುಟುಕಾಗಿ ಹೇಳುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಆಟಿಸಂ ಅದರಲ್ಲಿದೆ. ಡಾಕ್ಟರ್ ಸಲಹೆ ಕೊಟ್ಟರೆ ಮಾತ್ರ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ಅಂಗವೈಕಲ್ಯದ ಗುರುತಿನ ಕಾರ್ಡ್) ಅರ್ಜಿ ಹಾಕಿ. 5 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಮತ್ತೆ ಪರೀಕ್ಷೆ ಮಾಡುತ್ತಾರೆ. ಆದ್ದರಿಂದ ಹಣೆಬರಹ ಬರೆದಂತೆ ಹೆದರಬೇಕಿಲ್ಲ. ಸೌಲಭ್ಯಗಳಿಗೆ ಹೆಚ್ಚಾಗಿ ಅಂಗವೈಕಲ್ಯದ ಪ್ರಮಾಣ ಶೇ. 40 ಬೇಕು.

ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ. ಥೆರಪಿಗೂ ಅದರಲ್ಲಿ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ಕ್ಲೇಮ್ ತಿರಸ್ಕಾರವಾಗದಿರಲು ರಸೀದಿ ಬಗ್ಗೆ ಜಾಗ್ರತೆ: ಮಗುವಿನ ಹೆಸರು ಕಾರ್ಡಿನಲ್ಲಿರುವ ಕಾಗುಣಿತದಲ್ಲೇ, ತಾರೀಖು, ಥೆರಪಿಯ ಹೆಸರು, ಸಹಿ, ಸೀಲ್, ಜೊತೆಗೆ ಡಾಕ್ಟರ ಚೀಟಿ. ತಿಂಗಳ ಕೊನೆಗೆ ಒಟ್ಟು ಬರೆಸಿಕೊಳ್ಳುವ ಬದಲು ಪ್ರತಿ ಸಲ ರಸೀದಿ ತೆಗೆದುಕೊಳ್ಳಿ. ಬಸ್ ಪಾಸ್ ಮಾಡಿಸುವವರು ಗಮನಿಸಿ, ಜಮಖಂಡಿ, ಬೆಳಗಾವಿ ಭಾಗಕ್ಕೆ ವಾಯವ್ಯ ಸಾರಿಗೆ, ವಿಜಯಪುರ ಜಿಲ್ಲೆಗೆ ಕಲ್ಯಾಣ ಕರ್ನಾಟಕ ಸಾರಿಗೆ. ಒಂದು ನಿಗಮದ ಪಾಸ್ ಇನ್ನೊಂದರ ಬಸ್ಸಿನಲ್ಲಿ ನಡೆಯುತ್ತದೆಯೇ ಎಂದು ಡಿಪೋದಲ್ಲೇ ಕೇಳಿಕೊಂಡು ಮಾಡಿಸಿ.

ಜಮಖಂಡಿ_ಅವ್ವ

ಭಾಳ ಉಪಕಾರ ಆತು. ಎಣ್ಣಿ ವಿಷಯ ಯಾರೂ ಹೇಳಿದ್ದಿಲ್ಲ, ಬೆರಾ ದಿನ ಎಣ್ಣಿ ಹಚ್ಚೇ ಕರಕೊಂಡು ಹೋಗ್ತಿದ್ವಿ. ಊಟದ್ದೊಂದು ಉಳೀತು. ಅನ್ನ ಕಂಡ್ರ ಓಕರಿಕಿ ತೆಗೀತಾನ. ಬಾಯಿ ಒತ್ತಿ ತಿನ್ನಸಬೇಕಾ?

ಓಟಿ_ವಿಜಯಪುರ

ಒತ್ತಬ್ಯಾಡ್ರಿ. ಒಮ್ಮೆ ಒತ್ತಿದ್ರ ಈಗ ತಿನ್ನೋ ಮೂರರಾಗ ಒಂದನ್ನೂ ಬಿಡ್ತಾನ. ತಿನ್ನೋದರಿಂದ ಶುರು ಮಾಡ್ರಿ, ಒಂದು ಸಲಕ್ಕ ಒಂದೇ ಬದಲು. ಕಟಕ್ ರೊಟ್ಟಿ ಅವನದು. ಮೊದಲು ಅದರ ಮ್ಯಾಲೆ ಕಂಡೂ ಕಾಣದಂಗ ಬೆಣ್ಣಿ ಸವರ್ರಿ. ಅದು ಒಪ್ಪಿದ ಮ್ಯಾಲೆ ಬಿಸಿರೊಟ್ಟಿಯ ಗರಿ ಅಂಚು. ಆಮ್ಯಾಲೆ ಅದೇ ಅಂಚಿಗೆ ಒಂದು ಬೆರಳು ಮೆತ್ತಗಿನ ಭಾಗ ಕೂಡಿರಲಿ. ಮೊಸರು, ಬ್ಯಾಳಿ ಅದ್ದೋದು ಅದಕ್ಕಿಂತ ಎಷ್ಟೋ ದಿನ ಆದ ಮ್ಯಾಲೆ. ಹತ್ತು ಹದಿನೈದು ಸಲ ಇಟ್ಟ ಮ್ಯಾಲೆ ಒಮ್ಮೆ ಮುಟ್ಟಿದ್ರೂ ಅದು ಲೆಕ್ಕಕ್ಕ. ನೋಡೋದು, ಮುಟ್ಟೋದು, ಮೂಸೋದು, ನೆಕ್ಕಿ ಉಗುಳೋದು ಎಲ್ಲಾ ಹೆಜ್ಜಿಗಳೇ. ಉಗುಳಲಿಕ್ಕೆ ಒಂದು ಬಟ್ಟಲ ಬಾಜೂಕ ಇಡ್ರಿ, ಉಗುಳಬಹುದು ಅಂತ ಗೊತ್ತಾದ್ರ ಬಾಯಿಗೆ ಹಾಕೋ ಧೈರ್ಯ ಬರ್ತದ. ಅನ್ನ ಬ್ಯಾರೆ ಸಣ್ಣ ತಾಟಿನಾಗ ದೂರ ಇರಲಿ, ಓಕರಿಕಿ ಬರದಷ್ಟು ದೂರ. ವಾರಕ್ಕ ಒಂದು ಗೇಣು ಹತ್ರ ತರ್ರಿ.

ಊಟ 20–25 ನಿಮಿಷಕ್ಕ ಮುಗಿಸಿ ಏಳ್ರಿ. ಮೂರು ಊಟ, ಎರಡು ತಿಂಡಿ, ನಡುವ ಬಿಸ್ಕೀಟು ಬ್ಯಾಡ. ಹಾಲು ದಿನಕ್ಕ ಅರ್ಧ ಲೀಟರ್ ದಾಟಬಾರದು, ಹಸಿವಿ ಸಾಯ್ತದ, ರಕ್ತನೂ ಕಡಿಮಿ ಆಗ್ತದ. ಹಿಮೋಗ್ಲೋಬಿನ್ ಮಾಡಿಸಿಲ್ಲಂದ್ರ ಡಾಕ್ಟರ್‌ಗೆ ಕೇಳ್ರಿ. ತಿಂಗಳಿಗೊಮ್ಮೆ ಅಂಗನವಾಡಿ ತಕ್ಕಡಿ ಮ್ಯಾಲೆ ತೂಕ ಬರಸ್ರಿ. ತೂಕ ಇಳಿದ್ರ, ಇಲ್ಲಾ ನೀರು ಕುಡಿಯುವಾಗ ಪ್ರತಿ ಸಲ ಕೆಮ್ಮಿದ್ರ, ಈ ಹೆಜ್ಜಿ ನಿಲ್ಲಿಸಿ ಮೊದಲು ಡಾಕ್ಟರ ಹತ್ರ ಹೋಗ್ರಿ. ಗರಿಗರಿ ಇಷ್ಟ ಅಂತ ಇಡೀ ಶೇಂಗಾ, ಪುಠಾಣಿ ಮಾತ್ರ ಕೊಡಬ್ಯಾಡ್ರಿ, ಈ ವಯಸ್ಸಿನಾಗ ಶ್ವಾಸನಾಳಕ್ಕ ಸಿಗಬೀಳ್ತಾವ. ಹಿಂಡಿ ಮಾಡಿ, ಅದೇ ಬೆಣ್ಣಿ ಸವರಿದ ರೊಟ್ಟಿ ಮ್ಯಾಲೆ ಉದುರಿಸ್ರಿ.